ತಲೆನೋವಿನ ಲೆಕ್ಕದ ಪುಸ್ತಕ

ನಮ್ಮ ಭಾಗದ ಯಾವ ಮನೆಗೆ ಹೋದರೂ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗಾಡುತ್ತಿರುತ್ತದೆ. ಅದರ ಚೌಕಗಳಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಕೂಲಿಯಾಳುಗಳ ಹಾಜರಿ, ಎಮ್ಮೆ ಗಬ್ಬವಾದ ತಾರೀಖು, ಸಂಘದ ಸಾಲದ ಕಂತು ಎಲ್ಲವನ್ನೂ ಬರೆದಿರುತ್ತಾರೆ. ಆದರೆ ಆ ಮನೆಯ ತಾಯಿಗೆ ಹತ್ತು ವರ್ಷಗಳಿಂದ ತಲೆನೋವಿದ್ದರೆ, ಕಳೆದ ತಿಂಗಳು ಅದು ಎಷ್ಟು ದಿನ ಬಂದಿತ್ತು ಎಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ಕೇಳಿದರೆ "ಯಾವಾಗಲೂ ಇರ್ತೈತ್ರಿ" ಎಂಬ ಉತ್ತರ ಬರುತ್ತದೆ. ಕರ್ಜಗಿಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ರೋಗಿಗಳನ್ನು ನೋಡುತ್ತ ಬಂದಿರುವ ನಾವು ಈ ಉತ್ತರವನ್ನು ಎಷ್ಟು ಸಲ ಕೇಳಿದ್ದೇವೆಯೋ ಲೆಕ್ಕವಿಲ್ಲ. ಆ ಉತ್ತರದಲ್ಲಿ ಸಂಕಟವಿದೆ. ಆದರೆ ವೈದ್ಯನಿಗೆ ಬೇಕಾದ ಮಾಹಿತಿ ಅದರಲ್ಲಿಲ್ಲ.

ಮಧುಮೇಹಕ್ಕೆ ರಕ್ತಪರೀಕ್ಷೆಯಿದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಆದರೆ "ಇದು ಮೈಗ್ರೇನ್" ಎಂದು ಬೆರಳಿಟ್ಟು ತೋರಿಸುವ ಯಂತ್ರವಾಗಲಿ ಪರೀಕ್ಷೆಯಾಗಲಿ ಇಂದಿಗೂ ಇಲ್ಲ. ಸಾವಿರಾರು ರೂಪಾಯಿ ತೆತ್ತು ಹುಬ್ಬಳ್ಳಿಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದವರು "ಏನೂ ಇಲ್ಲ ಅಂದ್ರು" ಎಂದು ಬೇಸರದಿಂದ ಆ ದೊಡ್ಡ ಲಕೋಟೆಯನ್ನು ನಮ್ಮ ಮುಂದಿಡುತ್ತಾರೆ. ಏನೂ ಇಲ್ಲವೆಂಬುದರ ಅರ್ಥ ನೋವಿಲ್ಲವೆಂದಲ್ಲ. ಗಡ್ಡೆ, ರಕ್ತಸ್ರಾವ ಮೊದಲಾದವು ಕಂಡುಬರಲಿಲ್ಲವೆಂದಷ್ಟೇ. ಉಳಿದ ನಿರ್ಣಯವೆಲ್ಲ ರೋಗಿಯ ಮಾತಿನಲ್ಲಿಯೇ ಇದೆ. ಆ ಮಾತು ನೆನಪಿನಿಂದ ಬಂದರೆ ಹಳೆಯದೆಲ್ಲ ಮಸುಕಾಗಿ, ಮೊನ್ನೆ ಬಂದ ನೋವು ಮತ್ತು ಎಲ್ಲಕ್ಕಿಂತ ದೊಡ್ಡದಾಗಿ ಬಂದ ನೋವು ಇವೆರಡೇ ಉಳಿದಿರುತ್ತವೆ. ಬರೆದಿಟ್ಟ ಪುಸ್ತಕದಿಂದ ಬಂದರೆ ಅದರ ಬೆಲೆಯೇ ಬೇರೆ.

ಈ ವ್ಯಾಧಿ ಎಷ್ಟು ವ್ಯಾಪಕವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಅಧ್ಯಯನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 18ರಿಂದ 65 ವರ್ಷದೊಳಗಿನ 2329 ಜನರನ್ನು ವಿಚಾರಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇದ್ದುದು ಕಂಡುಬಂದಿತು. ಸ್ತ್ರೀಯರಲ್ಲಿ ಪುರುಷರಿಗಿಂತ ಹೆಚ್ಚು. ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು ಎಂಬುದು ಇನ್ನೊಂದು ಸಂಗತಿ. ಮೈಗ್ರೇನ್ ಪೇಟೆಯವರ, ಕಂಪ್ಯೂಟರಿನವರ ರೋಗವೆಂದು ತಿಳಿದವರು ಇದನ್ನು ಗಮನಿಸಬೇಕು.

ನಮ್ಮ ಪ್ರಾಚೀನ ಆಚಾರ್ಯರು ಶಿರೋರೋಗಗಳನ್ನು ವಿಂಗಡಿಸಿದ ಕ್ರಮವನ್ನು ನೋಡಿದರೆ, ಅವರು ನೋವಿನ ಜಾಗದಷ್ಟೇ ನೋವಿನ ಕಾಲವನ್ನೂ ಗಮನಿಸಿದ್ದರೆಂಬುದು ಸ್ಪಷ್ಟವಾಗುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹನ್ನೊಂದು ಬಗೆಯ ಶಿರೋರೋಗಗಳನ್ನು ಹೇಳಿದೆ. ಅವುಗಳಲ್ಲಿ ಸೂರ್ಯಾವರ್ತವೆಂಬುದು ಸೂರ್ಯೋದಯದೊಡನೆ ಕಣ್ಣು ಹುಬ್ಬುಗಳಲ್ಲಿ ಮೆಲ್ಲನೆ ಆರಂಭವಾಗಿ, ಹೊತ್ತೇರಿದಂತೆ ಏರಿ, ಹೊತ್ತಿಳಿದಂತೆ ಇಳಿಯುವಂಥದು. ಹಣೆಯ ಎಲುಬಿನ ಕುಹರಗಳಲ್ಲಿ ಕಫ ಕಟ್ಟಿದಾಗ ಬರುವ ನೋವು ಬಹುಮಟ್ಟಿಗೆ ಹೀಗೆಯೇ ವರ್ತಿಸುತ್ತದೆ. ಅರ್ಧಾವಭೇದಕ, ಅಂದರೆ ನಮ್ಮ ಜನ ಅರೆತಲೆಶೂಲೆ ಎನ್ನುವುದು, ಪಕ್ಷಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಇಲ್ಲವೇ ಅಕಸ್ಮಾತ್ತಾಗಿಯೋ ಬರುತ್ತದೆಂದು ಅಲ್ಲಿ ಹೇಳಿದೆ. ದಿನಗಳನ್ನು ಎಣಿಸದವನು ಈ ಮಾತನ್ನು ಬರೆಯಲು ಸಾಧ್ಯವಿರಲಿಲ್ಲ. ಚರಕಾಚಾರ್ಯರು ಇದೇ ವ್ಯಾಧಿಗೆ ರೂಕ್ಷವಾದ ಆಹಾರ, ಉಂಡದ್ದು ಜೀರ್ಣವಾಗುವ ಮುನ್ನ ಮತ್ತೆ ಉಣ್ಣುವುದು, ಮೂಡಣ ಗಾಳಿ, ಮಂಜು, ವೇಗಗಳನ್ನು ತಡೆಯುವುದು, ಅತಿ ಶ್ರಮ ಮೊದಲಾದವನ್ನು ಕಾರಣಗಳೆಂದು ಹೇಳಿದ್ದಾರೆ. ಇವೆಲ್ಲವೂ ಎಲ್ಲರಿಗೂ ಕಾರಣವಾಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು, ಯಾರಿಗೆ ಯಾವುದೆಂದು ತಿಳಿಯುವ ಬಗೆ ಹೇಗೆ?

ರೋಗವನ್ನು ಐದು ಬಗೆಯಿಂದ ಅರಿಯಬೇಕೆಂದು ಆಯುರ್ವೇದ ಹೇಳುತ್ತದೆ: ಕಾರಣವಾದ ನಿದಾನ, ಮುನ್ಸೂಚನೆಯಾದ ಪೂರ್ವರೂಪ, ಪ್ರಕಟ ಲಕ್ಷಣಗಳಾದ ರೂಪ, ಯಾವುದರಿಂದ ಶಮನವಾಗುತ್ತದೆಂಬ ಉಪಶಯ, ರೋಗ ಹುಟ್ಟಿ ಬೆಳೆಯುವ ಬಗೆಯಾದ ಸಂಪ್ರಾಪ್ತಿ. ನಾವು ರೋಗಿಗಳಿಂದ ಬರೆಸುವ ತಲೆನೋವಿನ ಪುಸ್ತಕ ಈ ಐದನ್ನು ದಿನದಿನಕ್ಕೆ ಹಂಚಿ ಬರೆದದ್ದಲ್ಲದೆ ಬೇರೇನೂ ಅಲ್ಲ.

ಬರೆಯುವ ಕ್ರಮ ಸುಲಭ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು ಸಾಕು. ನೋವು ಬಂದ ದಿನ ತಾರೀಖು, ಶುರುವಾದ ಹೊತ್ತು, ಬಿಟ್ಟ ಹೊತ್ತು ಬರೆಯಿರಿ. ಒಂದು ಕಡೆಯೋ ಎರಡೂ ಕಡೆಯೋ, ನಾಡಿಯಂತೆ ಬಡಿಯುತ್ತದೆಯೋ ಹಗ್ಗದಿಂದ ಬಿಗಿದಂತಿದೆಯೋ ಎಂದು ಒಂದೆರಡು ಮಾತು. ನೋವಿನ ಪ್ರಮಾಣಕ್ಕೆ ಅಂಕಿ: ಕೆಲಸ ಮಾಡುತ್ತಲೇ ತಡೆದುಕೊಂಡರೆ 1, ಕೆಲಸ ಅರ್ಧಕ್ಕೆ ನಿಂತರೆ 2, ಬಾಗಿಲು ಮುಚ್ಚಿಕೊಂಡು ಮಲಗಿದರೆ 3. ವಾಕರಿಕೆ, ವಾಂತಿ, ಬೆಳಕು ಅಥವಾ ಸದ್ದು ಸಹಿಸದಿರುವುದು, ಕಣ್ಣ ಮುಂದೆ ಮಿಂಚಿನ ಗೆರೆ ಕಾಣುವುದು ಇದ್ದರೆ ಅದನ್ನೂ ಬರೆಯಿರಿ. ಹಿಂದಿನ ರಾತ್ರಿಯ ನಿದ್ದೆ, ಆ ದಿನ ಊಟವಾದ ಹೊತ್ತು, ಹೆಣ್ಣುಮಕ್ಕಳಾದರೆ ಮುಟ್ಟಿನ ದಿನ. ಕೊನೆಯಲ್ಲಿ, ನುಂಗಿದ ಮಾತ್ರೆಯ ಹೆಸರು ಮತ್ತು ಸಂಖ್ಯೆ. ನೋವಿಲ್ಲದ ದಿನಕ್ಕೆ ಒಂದು ಚುಕ್ಕೆ ಇಡಬೇಕು. ಚುಕ್ಕೆಯಿಲ್ಲದೆ ಹಾಳೆ ಖಾಲಿಯಿದ್ದರೆ ಅದು ಆರಾಮದ ದಿನವೋ ಬರೆಯಲು ಮರೆತ ದಿನವೋ ನಮಗೆ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ ಕುಳಿತು ಏಳು ದಿನದ್ದನ್ನು ನೆನಪಿನಿಂದ ತುಂಬಿದರೆ ಅದು ದಿನಚರಿಯಾಗುವುದಿಲ್ಲ, ಕಥೆಯಾಗುತ್ತದೆ. ಮೊಬೈಲಿನಲ್ಲಿ ಇದಕ್ಕೆಂದೇ ಆ್ಯಪ್‌ಗಳಿವೆಯೆಂದು ನಮ್ಮ ಮೊಮ್ಮಗ ಹೇಳುತ್ತಾನೆ. ಇರಲಿ, ಆದರೆ ನೋವಿನಲ್ಲಿರುವವರಿಗೆ ಆ ಬೆಳಕಿನ ಪರದೆ ನೋಡುವುದೇ ಇನ್ನೊಂದು ನೋವು.

ಬರೆದದ್ದು ಏನನ್ನು ತಿಳಿಸುತ್ತದೆಂಬುದಕ್ಕೆ ಬ್ಯಾಡಗಿಯಿಂದ ಬಂದ ಒಬ್ಬ ತಾಯಿಯ ಉದಾಹರಣೆ ಹೇಳುತ್ತೇವೆ. ಅವರು ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಮೆಣಸಿನಕಾಯಿಯ ಘಾಟಿನಿಂದಲೇ ತಲೆನೋವು ಬರುತ್ತದೆಂದು ಅವರೂ ನಂಬಿದ್ದರು, ನಿಜ ಹೇಳಬೇಕೆಂದರೆ ನಾವೂ ನಂಬಿದೆವು. ಕೂಲಿ ಬಿಡಿರೆನ್ನುವುದು ಬಾಯಿತುದಿಗೆ ಬಂದಿತ್ತು. ಬಿಟ್ಟರೆ ಆ ಮನೆ ನಡೆಯುವುದು ಹೇಗೆಂಬ ಅಳುಕಿನಿಂದ ಮಾತ್ರ ತಡೆದು, ಎರಡು ತಿಂಗಳು ಬರೆದು ತರಲು ಹೇಳಿದೆವು. ಅವರ ಮಗಳು ಶಾಲೆಯಿಂದ ಬಂದು ಬರೆಯುತ್ತಿದ್ದಳು. ಪುಸ್ತಕದಲ್ಲಿ ಕಂಡದ್ದೇನೆಂದರೆ, ಕೂಲಿಗೆ ಹೋದ ಎಷ್ಟೋ ದಿನ ನೋವಿಲ್ಲ. ಕೂಲಿಯಿಲ್ಲದ ದಿನವೂ ನೋವು ಬಂದಿದೆ. ಎರಡು ತಿಂಗಳಿನಲ್ಲಿಯೂ ಮುಟ್ಟಿಗೆ ಎರಡು ದಿನ ಮುಂಚೆ ತಪ್ಪದೆ ಬಂದಿದೆ. ಉಳಿದವು ಬೆಳಗಿನ ಬಸ್ಸಿಗಾಗಿ ಬರೀ ಚಹಾ ಕುಡಿದು ಹೊರಟ ದಿನಗಳು. ಹಾಗಾದರೆ ಘಾಟು? ನೋವು ಬರುವ ದಿನ ಬೆಳಿಗ್ಗೆಯಿಂದಲೇ ಅವರಿಗೆ ಯಾವ ವಾಸನೆಯೂ ಸೇರುತ್ತಿರಲಿಲ್ಲ. ಒಗ್ಗರಣೆಯ ವಾಸನೆಯೂ ಊದಿನಕಡ್ಡಿಯ ವಾಸನೆಯೂ ಅಷ್ಟೇ. ವಾಸನೆಯಿಂದ ನೋವು ಹುಟ್ಟುತ್ತಿರಲಿಲ್ಲ. ಬರಲಿದ್ದ ನೋವೇ ವಾಸನೆಯನ್ನು ಅಸಹ್ಯವಾಗಿಸುತ್ತಿತ್ತು.

ನಿದಾನ ಮತ್ತು ಪೂರ್ವರೂಪಗಳನ್ನು ಅದಲುಬದಲು ಮಾಡಿಕೊಳ್ಳುವುದು ತಲೆನೋವಿನ ವಿಷಯದಲ್ಲಿ ಅತಿ ಸಾಮಾನ್ಯವಾದ ತಪ್ಪು. ಮೈಗ್ರೇನ್ ಬರುವ ಕೆಲವು ತಾಸು ಮುಂಚೆ, ಕೆಲವರಿಗೆ ಒಂದೆರಡು ದಿನ ಮುಂಚೆಯೇ, ಮೇಲಿಂದ ಮೇಲೆ ಆಕಳಿಕೆ, ಕುತ್ತಿಗೆ ಬಿಗಿತ, ಸಿಡುಕು, ಸಿಹಿ ತಿನ್ನಬೇಕೆಂಬ ಬಯಕೆ ಕಾಣಿಸಿಕೊಳ್ಳುತ್ತವೆ. ಆ ಬಯಕೆಗೆ ಮಣಿದು ಎರಡು ಪೇಡೆ ತಿಂದವರು ಮರುದಿನ ಪೇಡೆಯಿಂದಲೇ ತಲೆನೋವು ಬಂತೆಂದು ನಿರ್ಧರಿಸುತ್ತಾರೆ. ಕುತ್ತಿಗೆ ಹಿಡಿದಿತ್ತೆಂದು ನೆನೆಯುವವರು ಕುತ್ತಿಗೆಯ ಎಲುಬು ಸವೆದಿದೆಯೆಂದು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಹೀಗೆ ಒಂದೊಂದಾಗಿ ಬಿಡುತ್ತ ಹೋಗಿ ಕೊನೆಗೆ ಅನ್ನ ಸಾರು ಮಾತ್ರ ಉಣ್ಣುತ್ತಿದ್ದ ರಾಣೇಬೆನ್ನೂರಿನ ಗೃಹಸ್ಥರೊಬ್ಬರನ್ನು ನಾವು ಬಲ್ಲೆವು. ತಲೆನೋವು ಮೊದಲಿನಷ್ಟೇ ಇತ್ತು.

ಬ್ಯಾಡಗಿಯ ಆ ತಾಯಿ ಕೂಲಿಯನ್ನು ಬಿಡಲಿಲ್ಲ. ಹೊರಡುವ ಮುನ್ನ ಒಂದು ರೊಟ್ಟಿ ತಿನ್ನುವುದನ್ನು ರೂಢಿಸಿಕೊಂಡರು. ಮುಟ್ಟಿನ ಮುಂಚಿನ ದಿನಗಳಿಗೆ ಔಷಧವನ್ನು ನಿಗದಿ ಮಾಡಿದೆವು.

ಇನ್ನು ಪುಸ್ತಕವನ್ನು ನೋಡಿ ನಾವು ಯಾವುದನ್ನು ಯಾವುದೆಂದು ಗುರುತಿಸುತ್ತೇವೆ ಎಂಬುದು. ವಯಸ್ಕರಲ್ಲಿ ಔಷಧವಿಲ್ಲದಿದ್ದರೆ 4ರಿಂದ 72 ತಾಸು ಇರುವ, ಹೆಚ್ಚಾಗಿ ಒಂದು ಕಡೆ ಬಡಿಯುವ, ಮೆಟ್ಟಿಲು ಹತ್ತಿದರೆ ಹೆಚ್ಚಾಗುವ, ವಾಕರಿಕೆಯೋ ಬೆಳಕು ಮತ್ತು ಸದ್ದಿನ ಅಸಹನೆಯೋ ಇರುವ ನೋವು ಕನಿಷ್ಠ ಐದು ಸಲ ಬಂದಿದ್ದರೆ ಅದನ್ನು ಮೈಗ್ರೇನ್ ಎನ್ನುತ್ತೇವೆ. ವಾಂತಿಯಾದ ಮೇಲೆ ಹಗುರಾಗುತ್ತದೆಂದು ಇದನ್ನೇ ನಮ್ಮವರು "ಪಿತ್ತದ ತಲೆನೋವು" ಎನ್ನುವುದು. ಮೂಗು ಕಟ್ಟಿ ಕಣ್ಣಲ್ಲಿ ನೀರು ಬಂತೆಂದು "ಸೈನಸ್" ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿಯೂ ಬಹಳಷ್ಟು ಮಂದಿಗೆ ಇರುವುದು ಇದೇ. ತಲೆಗೆ ಪಟ್ಟಿ ಬಿಗಿದಂತೆ ಎರಡೂ ಕಡೆ ಇರುವ, ಕೆಲಸ ನಿಲ್ಲಿಸದ, ವಾಂತಿಯಿಲ್ಲದ ನೋವು ಆಯಾಸ ಮತ್ತು ಮನಸ್ಸಿನ ಒತ್ತಡದಿಂದ ಬರುವಂಥದು. ಅದು ಅರ್ಧ ತಾಸಿಗೂ ಮುಗಿಯಬಹುದು, ವಾರದವರೆಗೂ ಎಳೆಯಬಹುದು. ಒಂದೇ ಕಣ್ಣಿನ ಸುತ್ತ ಕಾದ ಕಬ್ಬಿಣ ಚುಚ್ಚಿದಂತೆ, ಕಾಲು ತಾಸಿನಿಂದ ಮೂರು ತಾಸಿನವರೆಗೆ, ಬಹಳ ಸಲ ದಿನವೂ ಅದೇ ಹೊತ್ತಿಗೆ ಬರುವ, ರೋಗಿಯನ್ನು ಮಲಗಗೊಡದೆ ಅತ್ತಿಂದಿತ್ತ ಓಡಾಡಿಸುವ ನೋವು ಬೇರೆಯೇ ಒಂದು. ಅದು ಅಪರೂಪ, ಆದರೆ ಪುಸ್ತಕದಲ್ಲಿ ಹೊತ್ತನ್ನು ನೋಡಿದೊಡನೆ ಗುರುತು ಸಿಗುತ್ತದೆ. ಬಿ.ಪಿ. ಏರಿದ್ದರಿಂದ ತಲೆನೋವು ಬಂತೆಂಬ ನಂಬಿಕೆಯೂ ವ್ಯಾಪಕವಾಗಿದೆ. ಅತಿಯಾಗಿ ಏರಿದ ಹೊರತು ರಕ್ತದೊತ್ತಡ ಸಾಮಾನ್ಯವಾಗಿ ತಲೆನೋವನ್ನು ತರುವುದಿಲ್ಲ. ತಲೆನೋವಿಲ್ಲವೆಂದು ಬಿ.ಪಿ. ಮಾತ್ರೆ ಬಿಡುವವರು ಇದನ್ನು ನೆನಪಿಡಬೇಕು.

ಔಷಧದ ಅಂಕಣವನ್ನು ಕುರಿತು ಹೇಳುವಾಗ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಅರೆತಲೆಶೂಲೆಯೆಂದು ಬಂದರು. ಲಕ್ಷಣಗಳು ಪಾಠ ಹೇಳಿದಂತಿದ್ದವು. ನಸ್ಯ ಮಾಡಿಸಿದೆವು, ಪಥ್ಯಾಷಡಂಗ ಕಷಾಯ ಕೊಟ್ಟೆವು, ಪಥ್ಯ ಹೇಳಿದೆವು. ಬಂದಾಗಲೆಲ್ಲ ಅವರು "ಸ್ವಲ್ಪ ಕಡಿಮೆ ಐತ್ರಿ" ಎನ್ನುತ್ತಿದ್ದರು. ಅದು ಸೌಜನ್ಯದ ಮಾತೆಂದು ನಮಗೆ ಹೊಳೆಯಲಿಲ್ಲ. ಎಂಟು ತಿಂಗಳು ಹೀಗೆಯೇ ಕಳೆಯಿತು. ಬೇರೆ ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಆಯುರ್ವೇದದವರ ಮುಂದೆ ಅಂಗಡಿಯ ಮಾತ್ರೆಯ ಹೆಸರೆತ್ತಬಾರದೆಂದು ಅವರೂ ಸುಮ್ಮನಿದ್ದರು. ಕೊನೆಗೆ ದಿನಚರಿ ಬರೆಸಿದಾಗ ಮೂವತ್ತು ದಿನಗಳಲ್ಲಿ ಇಪ್ಪತ್ನಾಲ್ಕು ದಿನ ತಲೆನೋವು, ಇಪ್ಪತ್ತಾರು ದಿನ ಕಿರಾಣಿ ಅಂಗಡಿಯಿಂದ ತಂದ ನೋವಿನ ಮಾತ್ರೆ. ಎರಡು ದಿನ, ಬರಬಹುದೆಂಬ ಭಯಕ್ಕೆ ಮುಂಚಿತವಾಗಿಯೇ ನುಂಗಿದ್ದರು.

ನೋವಿನ ಮಾತ್ರೆಯೇ ತಲೆನೋವನ್ನು ಹುಟ್ಟಿಸುತ್ತದೆಂದರೆ ಬಹಳ ಮಂದಿ ನಂಬುವುದಿಲ್ಲ. ಮೊದಲೇ ತಲೆನೋವಿರುವವರು ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಎರಡು ಮೂರು ಔಷಧ ಕೂಡಿಸಿದ ಮಾತ್ರೆಯನ್ನಾದರೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತ ಬಂದರೆ ಮಿದುಳು ಅದಕ್ಕೆ ಒಗ್ಗಿಹೋಗಿ, ಮಾತ್ರೆಯ ಪ್ರಭಾವ ಇಳಿದೊಡನೆ ನೋವು ಮರಳುತ್ತದೆ. ಆಗ ಮತ್ತೊಂದು ಮಾತ್ರೆ. ನಾವು ಎಂಟು ತಿಂಗಳು ಚಿಕಿತ್ಸೆ ಕೊಟ್ಟದ್ದು ಹೀಗೆ ಹುಟ್ಟಿದ ನೋವಿಗೆ. ಅದು ಕಷಾಯದಿಂದ ಹೋಗುವಂಥದಾಗಿರಲಿಲ್ಲ. ನರರೋಗ ತಜ್ಞರೊಬ್ಬರ ಸಲಹೆ ಪಡೆದು ಮಾತ್ರೆಯನ್ನು ನಿಲ್ಲಿಸಿದೆವು. ಮೊದಲ ವಾರ ಗುರುಗಳು ಬಹಳ ನರಳಿದರು. ನಮ್ಮ ಮೇಲೆ ಸಿಟ್ಟೂ ಆದರು. ಮೂರನೆಯ ತಿಂಗಳ ಹಾಳೆಯಲ್ಲಿ ಏಳು ದಿನಗಳು ಮಾತ್ರ ಉಳಿದಿದ್ದವು. ಮೂಲದ ಮೈಗ್ರೇನ್ ಅಷ್ಟೇ. ಅಂದಿನಿಂದ ನಾವು ಮೊದಲು ನೋಡುವುದು ಪುಸ್ತಕದ ಕೊನೆಯ ಅಂಕಣವನ್ನು. ಓದುಗರು ಇದನ್ನು ಓದಿ ತಾವಾಗಿಯೇ ಎಲ್ಲ ಮಾತ್ರೆಗಳನ್ನು ಒಮ್ಮೆಲೇ ಬಿಡಬಾರದು. ಕೆಲವು ಜಾತಿಯ ಔಷಧಗಳನ್ನು ಹಾಗೆ ಬಿಡುವುದು ಅಪಾಯ. ವೈದ್ಯರಿಗೆ ತೋರಿಸಿಯೇ ಬಿಡಬೇಕು.

ಶ್ರೀಮಠದ ಭಕ್ತರಲ್ಲಿ ಅನೇಕರು ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಅಂಥ ಹಿರಿಯರೊಬ್ಬರ ಪುಸ್ತಕದಲ್ಲಿ ನೋವೆಲ್ಲ ಹನ್ನೊಂದು ಗಂಟೆಯ ನಂತರವೇ ಶುರುವಾಗಿತ್ತು. ಅವು ಹೊಲಕ್ಕೆ ಹೋಗಿ ಬಂದು ಪೂಜೆಗೆ ಕುಳಿತ ದಿನಗಳು. ಪೂಜೆಯನ್ನು ಬಿಡಿರೆಂದು ನಾವು ಹೇಳಲಿಲ್ಲ, ಹೊಲಕ್ಕೆ ಹೋಗುವ ಮುನ್ನ ಮಾಡಿರೆಂದೆವು. ಶ್ರಾವಣ ಸೋಮವಾರದ ಉಪವಾಸವೂ ಮೈಗ್ರೇನ್ ಇರುವವರಿಗೆ ಹೀಗೆಯೇ ಕಾಡುತ್ತದೆ. ಹಣ್ಣು, ಹಾಲು, ನೀರು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರೆ ಹೆಚ್ಚಿನವರು ನಿಭಾಯಿಸುತ್ತಾರೆ. ತಲೆಗೆ ಎರೆದುಕೊಂಡ ದಿನ ನೋವು ಬರುವುದೂ ಭ್ರಮೆಯಲ್ಲ. ಮುಂಬಯಿಯ ತಲೆನೋವು ತಜ್ಞ ಡಾ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಬರುವ 94 ರೋಗಿಗಳನ್ನು ಕುರಿತು 2006ರಲ್ಲಿಯೇ ಬರೆದಿದ್ದಾರೆ. ಉದ್ದ ಕೂದಲನ್ನು ಒದ್ದೆಯಾಗಿಯೇ ಕಟ್ಟಿಕೊಂಡು ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳು ಎರೆದುಕೊಂಡ ದಿನವನ್ನು ಗುರುತು ಹಾಕಿ ನೋಡಲಿ. ಹತ್ತಿ, ಗೋವಿನಜೋಳದ ಬೆಳೆಗೆ ಔಷಧಿ ಹೊಡೆಯುವವರು ಹೊಡೆದ ದಿನವನ್ನೂ ಬರೆಯಬೇಕು. ಆ ದಿನಗಳಲ್ಲಿಯೇ ತಲೆನೋವು, ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಅದು ತಲೆಯ ರೋಗವಲ್ಲ, ವಿಷ ಮೈಗೇರಿದ್ದು. ಕೂಡಲೇ ಆಸ್ಪತ್ರೆ ಸೇರಬೇಕು.

ಪುಸ್ತಕ ಬರೆಯುತ್ತ ಕೂಡ್ರಬಾರದ ತಲೆನೋವುಗಳೂ ಇವೆ. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತಾರಕಕ್ಕೇರಿದ ನೋವು. ಜ್ವರ ಮತ್ತು ಕುತ್ತಿಗೆ ಸೆಟೆದುಕೊಂಡ ನೋವು. ಬಿದ್ದು ತಲೆಗೆ ಪೆಟ್ಟಾದ ನಂತರದ್ದು. ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್, ದೃಷ್ಟಿ ಕಳೆಯುವುದು ಕೂಡಿ ಬಂದದ್ದು. ದಿನದಿಂದ ದಿನಕ್ಕೆ ಹೆಚ್ಚುತ್ತಲೇ ಹೋಗುವಂಥದು. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದು, ಕಣತಲೆ ಮುಟ್ಟಿದರೆ ನೋಯುವಂಥದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ಹೊರಡಬೇಕು. ಚರಕಾಚಾರ್ಯರು ಶಂಖಕವೆಂಬ ಶಿರೋರೋಗ ಮೂರು ರಾತ್ರಿಗಳಲ್ಲಿ ಪ್ರಾಣ ತೆಗೆಯುತ್ತದೆಂದು ಎಚ್ಚರಿಸಿದ್ದನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಅತಿಶಯೋಕ್ತಿಯೆಂದುಕೊಂಡಿದ್ದೆವು. ವೃತ್ತಿಗೆ ಬಂದ ಮೇಲೆ ಹಾಗೆನ್ನಿಸಲಿಲ್ಲ.

ಬಸುರಿಯರು ಮತ್ತು ಬಾಣಂತಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಐದು ತಿಂಗಳು ತುಂಬಿದ ಬಸುರಿಗೆ ತಲೆನೋವು, ಕಣ್ಣು ಮಂಜು, ಮುಖ ಊತ ಕಂಡರೆ ಅಂದೇ ರಕ್ತದೊತ್ತಡ ಪರೀಕ್ಷಿಸಬೇಕು. ನಮ್ಮ ಸೀಮೆಯಲ್ಲಿ ಬಾಣಂತಿಯನ್ನು ಗಾಳಿಯಾಡದ ಕೋಣೆಯಲ್ಲಿ, ತಲೆಗೆ ಬಟ್ಟೆ ಕಟ್ಟಿ ಮಲಗಿಸಿ, ಮಗುವಿಗೆ ಶೀತವಾದೀತೆಂದು ಅವಳಿಗೆ ನೀರನ್ನೇ ಕೊಡದಿರುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಮೊದಲೇ ಹೆಚ್ಚಿರುತ್ತದೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಮಿದುಳಿನ ಸಿರೆಗಳಲ್ಲಿಯೇ ರಕ್ತ ಹೆಪ್ಪುಗಟ್ಟಬಹುದು. ನಿಮ್ಹಾನ್ಸ್‌ನ ನರರೋಗ ತಜ್ಞರು ಬಾಣಂತಿಯರಲ್ಲಿ ಕಾಣುವ ಈ ರೋಗವನ್ನು ಕುರಿತು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಅದರ ಮೊದಲ ಲಕ್ಷಣ ಬಿಡದೆ ಹೆಚ್ಚುವ ತಲೆನೋವು. ಆಮೇಲೆ ವಾಂತಿ, ಫಿಟ್ಸ್, ಕೈಕಾಲು ಬೀಳುವುದು. ಮನೆಯವರು ಗಾಳಿ ಸೋಕಿತೆಂದು ತಾಯತ ಕಟ್ಟಿಸಿ ಎರಡು ದಿನ ಕಳೆದು ಕರೆತಂದದ್ದನ್ನು ನಾವು ಕಂಡಿದ್ದೇವೆ. ಹೊತ್ತಿಗೆ ಸರಿಯಾಗಿ ತಲುಪಿದರೆ ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಬಾಣಂತಿಗೆ ಗಂಜಿ, ಬೆಚ್ಚಗಿನ ದ್ರವಾಹಾರ ಕೊಡಬೇಕೆಂದೇ ಆಯುರ್ವೇದ ಹೇಳುತ್ತದೆ. ತಣ್ಣೀರು ಬೇಡವೆಂದು ಅತ್ತೆಯವರಿಗೆ ಅನ್ನಿಸಿದರೆ ಬಿಸಿನೀರನ್ನೇ ಕೊಡಲಿ, ತಂಬಿಗೆ ತುಂಬ ಕೊಡಲಿ.

ಅಕ್ಷರ ಬಾರದವರು ಏನು ಮಾಡಬೇಕೆಂದು ಕೇಳುವವರಿಗೆ ವರದಾ ತೀರದ ಹಳ್ಳಿಯೊಂದರ ಅಜ್ಜಿಯ ಉಪಾಯವನ್ನು ಹೇಳುತ್ತೇವೆ. ಮನೆಯಲ್ಲಿ ಬರೆದುಕೊಡುವವರು ಯಾರೂ ಇರಲಿಲ್ಲ. ಆಕೆ ಒಂದು ಡಬ್ಬಿಯಲ್ಲಿ ಸಣ್ಣ ನೋವಿನ ದಿನಕ್ಕೆ ಒಂದು ಹೆಸರುಕಾಳು, ಮಲಗಿಸಿದ ದಿನಕ್ಕೆ ಒಂದು ಕಡಲೆಕಾಳು ಹಾಕುತ್ತಿದ್ದರು. ನುಂಗಿದ ಮಾತ್ರೆಯ ಖಾಲಿ ಚೀಟಿಯನ್ನೂ ಅದರಲ್ಲಿಯೇ ತುರುಕುತ್ತಿದ್ದರು. ಅಮಾವಾಸ್ಯೆಗೊಮ್ಮೆ ಬಂದು ಡಬ್ಬಿಯನ್ನು ನಮ್ಮ ಮೇಜಿನ ಮೇಲೆ ಸುರುವುತ್ತಿದ್ದರು. ಹೊತ್ತು ಗೊತ್ತಾಗದಿದ್ದರೂ ಎಣಿಕೆ ಗೊತ್ತಾಗುತ್ತಿತ್ತು. ಚಿಕಿತ್ಸೆ ಆರಂಭಿಸುವ ಮುನ್ನ ಹನ್ನೊಂದು ಕಡಲೆಯಿದ್ದದ್ದು ಮೂರು ತಿಂಗಳಲ್ಲಿ ಐದಕ್ಕೆ ಇಳಿಯಿತು. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಔಷಧ ಹತ್ತಿದೆಯೆಂದು ವೈದ್ಯಲೋಕ ಒಪ್ಪುತ್ತದೆ, ಆದ್ದರಿಂದ ಅದೇ ಔಷಧವನ್ನು ಮುಂದುವರಿಸಿದೆವು. ಎಣಿಕೆ ಇಳಿಯದೆ ಇದ್ದಿದ್ದರೆ ಬದಲಿಸುತ್ತಿದ್ದೆವು, ಅಥವಾ ಬೇರೆ ವೈದ್ಯರಲ್ಲಿಗೆ ಕಳಿಸುತ್ತಿದ್ದೆವು.

ತಲೆನೋವಿಗೆ ಯಾವ ಪದ್ಧತಿಯ ವೈದ್ಯರಲ್ಲಿಗೆ ಹೋದರೂ, ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಬರೆದ ಪುಸ್ತಕವನ್ನು ಮತ್ತು ಖಾಲಿ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಮಕ್ಕಳ ತಲೆನೋವನ್ನು ತಾಯಂದಿರು ಬರೆಯಬೇಕು. ಅವರಲ್ಲಿ ಮೈಗ್ರೇನ್ ಎರಡು ತಾಸಿಗೇ ಮುಗಿಯಬಹುದು, ಎರಡೂ ಕಡೆ ಇರಬಹುದು, ಶಾಲೆ ತಪ್ಪಿಸುವ ನೆಪವೆಂದು ಬೈಯುವ ಮುನ್ನ ರವಿವಾರವೂ ಬರುತ್ತದೆಯೋ ನೋಡಿರಿ. ನಸ್ಯವನ್ನು ಯಾರು, ಯಾವ ಋತುವಿನಲ್ಲಿ ಮಾಡಿಸಿಕೊಳ್ಳಬೇಕು, ಯಾರು ಮಾಡಿಸಿಕೊಳ್ಳಬಾರದು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.